ಗಡ್ಡೆ ತೆಗೆಯುವ ಮುನ್ನ ಮಾತಿನ ನಕ್ಷೆ: ಸ್ಕ್ಯಾನಿಂಗ್‌ಗೆ ಸಿದ್ಧರಾಗುವುದು ಹೇಗೆ?

ಮೆದುಳಿನ ಎಡಭಾಗದಲ್ಲಿ ಗಡ್ಡೆಯಿದೆ, ಆಪರೇಷನ್ ಆಗಬೇಕು ಎಂದು ವೈದ್ಯರು ಹೇಳಿದ ಕೂಡಲೇ ಮನೆಯವರು ಕೇಳುವುದು, ‘ಮಾತು ಉಳಿಯುತ್ತದೆಯೇ?’ ಎಂದು. ಆ ಆತಂಕಕ್ಕೆ ಕಾರಣವಿದೆ. ಬಹುಪಾಲು ಜನರಲ್ಲಿ ಭಾಷೆಯನ್ನು ನಡೆಸುವುದು ಮೆದುಳಿನ ಎಡಭಾಗವೇ. ಫ್ರಾನ್ಸಿನ ವೈದ್ಯ ಪಾಲ್ ಬ್ರೋಕಾ 1861ರಲ್ಲಿ ಮಾತು ಹೊರಡಿಸುವ ಜಾಗವನ್ನೂ, ಜರ್ಮನಿಯ ಕಾರ್ಲ್ ವೆರ್ನಿಕೆ 1874ರಲ್ಲಿ ಮಾತನ್ನು ಗ್ರಹಿಸುವ ಜಾಗವನ್ನೂ ಗುರುತಿಸಿದರು. ಆದರೆ ಆ ಜಾಗಗಳ ಗಡಿ ಒಬ್ಬರಲ್ಲಿದ್ದಂತೆ ಇನ್ನೊಬ್ಬರಲ್ಲಿರುವುದಿಲ್ಲ. ಬೆಳೆಯುವ ಗಡ್ಡೆ ಅವನ್ನು ಪಕ್ಕಕ್ಕೆ ತಳ್ಳಿರಲೂಬಹುದು. ಆದ್ದರಿಂದಲೇ ಶಸ್ತ್ರಚಿಕಿತ್ಸೆಗೆ ಮೊದಲು ಫಂಕ್ಷನಲ್ ಎಂಆರ್‌ಐ (ಒಂದು ಕೆಲಸ ಮಾಡುವಾಗ ಮೆದುಳಿನ ಯಾವ ಜಾಗ ಚುರುಕಾಗುತ್ತದೆಂದು ತೋರಿಸುವ ಸ್ಕ್ಯಾನ್) ಮಾಡಿ ಆಯಾ ರೋಗಿಯ ನಕ್ಷೆಯನ್ನು ಬರೆದುಕೊಳ್ಳುತ್ತಾರೆ. ಎಂಆರ್‌ಐ ಯಂತ್ರವಿದ್ದ ಮಾತ್ರಕ್ಕೆ ಇದು ಆಗುವುದಿಲ್ಲ, ಪಳಗಿದ ತಂಡವೂ ಬೇಕು. ದಾವಣಗೆರೆ, ಚಿತ್ರದುರ್ಗದ ಅನೇಕರನ್ನು ಇದಕ್ಕಾಗಿ ದೊಡ್ಡ ಕೇಂದ್ರಗಳಿಗೆ ಕಳುಹಿಸಬಹುದು.

ಮೊದಲು ನಿರ್ಧರಿಸಬೇಕಾದದ್ದು ಭಾಷೆ. ನನ್ನ ಮಟ್ಟಿಗೆ ಇಡೀ ಪರೀಕ್ಷೆಯಲ್ಲಿ ಇದಕ್ಕಿಂತ ಮುಖ್ಯವಾದ ಹಂತವಿಲ್ಲ. ಚಳ್ಳಕೆರೆ, ಮೊಳಕಾಲ್ಮೂರು ಕಡೆ ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ ಆಡುವವರಿದ್ದಾರೆ. ತಾಂಡಾಗಳಲ್ಲಿ ಲಂಬಾಣಿ, ದಾವಣಗೆರೆಯ ಎಷ್ಟೋ ಓಣಿಗಳಲ್ಲಿ ಉರ್ದು. ಎರಡು ಭಾಷೆ ಬಲ್ಲವರ ಮೆದುಳಿನಲ್ಲಿ ಅವೆರಡರ ಜಾಗಗಳು ಬಹುಮಟ್ಟಿಗೆ ಒಂದರ ಮೇಲೊಂದು ಬಂದರೂ ಪೂರ್ತಿ ಒಂದೇ ಆಗಿರಬೇಕೆಂದಿಲ್ಲ. ಆದ್ದರಿಂದ ಮನೆಯಲ್ಲಿ ಆಡುವ ಮಾತು, ದುಡಿಮೆಯ ಮಾತು, ಓದು ಬರಹ ಎಷ್ಟಿದೆ, ಯಾವ ಕೈ ರೂಢಿ ಎಂಬುದನ್ನೆಲ್ಲ ಮುಂಚೆಯೇ ಬಿಡಿಸಿ ಹೇಳಬೇಕು.

ಆಮೇಲೆ ಅಭ್ಯಾಸ. ಜಗಳೂರು ಕಡೆಯ ರೈತರೊಬ್ಬರು ಪರೀಕ್ಷೆಗೆ ಬಂದಿದ್ದಾರೆ ಎಂದುಕೊಳ್ಳೋಣ. ಪರದೆಯ ಮೇಲೆ ನೇಗಿಲು ಬಂದರೆ ‘ಉಳುವುದು’, ಕುಡುಗೋಲು ಬಂದರೆ ‘ಕೊಯ್ಯುವುದು’, ಸೂಜಿ ಬಂದರೆ ‘ಹೊಲಿಯುವುದು’ ಎಂದು ಅವರು ಮನಸ್ಸಿನೊಳಗೇ ಹೇಳಿಕೊಳ್ಳಬೇಕು, ತುಟಿ ಅಲುಗಿಸಬಾರದು. ಅಕ್ಷರ ಬಲ್ಲವರಿಗೆ ‘ಕ’ದಿಂದ ಶುರುವಾಗುವ ಪದಗಳನ್ನು ನೆನೆಯಲು ಹೇಳುವುದುಂಟು. ಶಾಲೆಯ ಮುಖ ನೋಡದ ಅಜ್ಜಿಗೆ ಅದನ್ನೇ ಕೇಳುವುದು ತಪ್ಪು. ತರಕಾರಿ, ದನಕರುಗಳ ಹೆಸರು ಕೇಳಿದರೆ ಅವರು ಸರಾಗವಾಗಿ ನೆನೆಯುತ್ತಾರೆ. ಮೆದುಳು ಆ ಕೆಲಸದಲ್ಲಿ ನಿಜವಾಗಿ ತೊಡಗದಿದ್ದರೆ ನಕ್ಷೆಯಲ್ಲಿ ಏನೂ ಮೂಡುವುದಿಲ್ಲ. ಹೀಗಾಗಿ ಯಂತ್ರದೊಳಗೆ ಹೋಗುವ ಮೊದಲು ಹೊರಗೆ ಕೂತು ಬಾಯಿಬಿಟ್ಟು ಹೇಳಿ ಅಭ್ಯಾಸ ಮಾಡಲೇಬೇಕು.

ಪರೀಕ್ಷೆಯ ದಿನ ಫಿಟ್ಸ್ ಮಾತ್ರೆಗಳನ್ನು ವೈದ್ಯರ ಸೂಚನೆಯಿಲ್ಲದೆ ಬಿಡಬಾರದು. ಮಾಂಗಲ್ಯ, ಬಳೆ, ಮೂಗುತಿ, ಕಾಲುಂಗುರ ಎಲ್ಲವನ್ನೂ ತೆಗೆಯಬೇಕು. ವರ್ಷಗಟ್ಟಲೆ ಬಿಗಿದು ಕೂತ ಕಾಲುಂಗುರವನ್ನು ಆಸ್ಪತ್ರೆಯಲ್ಲಿ ಎಳೆದಾಡುವ ಬದಲು ಹಿಂದಿನ ರಾತ್ರಿಯೇ ಸೋಪು ಸವರಿ ತೆಗೆದಿಡುವುದು ಮೇಲು. ಪೇಸ್‌ಮೇಕರ್, ಹಳೆಯ ಆಪರೇಷನ್ನಿನ ಕ್ಲಿಪ್ಪು, ದೇಹದಲ್ಲಿ ಉಳಿದ ಲೋಹದ ಚೂರು ಇದ್ದರೆ ಮುಚ್ಚಿಡದೆ ತಿಳಿಸಬೇಕು. ಕನ್ನಡಕ ಹಾಕುವವರು ಪವರ್ ಚೀಟಿಯನ್ನು ಒಯ್ಯುವುದು ಒಳ್ಳೆಯದು.

ಯಂತ್ರದೊಳಗೆ ಸದ್ದು ಜೋರು, ಕಿವಿಗೆ ರಕ್ಷಣೆ ಕೊಡುತ್ತಾರೆ. ಸುಮಾರು 30 ಸೆಕೆಂಡು ಕೆಲಸ, ಅಷ್ಟೇ ಹೊತ್ತು ವಿಶ್ರಾಂತಿ, ಮತ್ತೆ ಕೆಲಸ ಎಂಬಂತೆ ಪರೀಕ್ಷೆ ನಡೆಯುತ್ತದೆ. ಕೆಲಸದಲ್ಲಿ ತೊಡಗಿದ ಜಾಗಕ್ಕೆ ಕೆಲವು ಸೆಕೆಂಡು ತಡವಾಗಿ ಆಮ್ಲಜನಕ ತುಂಬಿದ ರಕ್ತ ಹೆಚ್ಚು ಹರಿಯುತ್ತದೆ. ಯಂತ್ರ ಹಿಡಿಯುವುದು ಆ ಬದಲಾವಣೆಯನ್ನೇ. ತಲೆ ಕೆಲವೇ ಮಿಲಿಮೀಟರ್ ಸರಿದರೂ ಚಿತ್ರ ಕೆಡುತ್ತದೆ.

ಚುರುಕಾದ ಜಾಗಗಳನ್ನು ಬಣ್ಣದ ಚುಕ್ಕೆಗಳಲ್ಲಿ ತೋರಿಸುವ ಚಿತ್ರ ಕೈಗೆ ಬಂದ ಮೇಲೆ ಒಂದು ಎಚ್ಚರಿಕೆ ಬೇಕು. ಗಡ್ಡೆಯ ಸುತ್ತ ರಕ್ತನಾಳಗಳ ನಡವಳಿಕೆಯೇ ಬದಲಾಗಿರುವುದರಿಂದ ಮಾತಿನ ಜಾಗವೂ ಖಾಲಿಯಂತೆ ಕಾಣಬಹುದು. ಆದಕಾರಣ, ಬಣ್ಣವಿಲ್ಲದ ಜಾಗವನ್ನು ಧಾರಾಳವಾಗಿ ಕತ್ತರಿಸಬಹುದೆಂದು ಯಾವ ಶಸ್ತ್ರವೈದ್ಯರೂ ತೀರ್ಮಾನಿಸುವುದಿಲ್ಲ. ಮಾತಿನ ಜಾಗಗಳನ್ನು ಜೋಡಿಸುವ ನರತಂತುಗಳ ಹಾದಿಯನ್ನು ಇನ್ನೊಂದು ಬಗೆಯ ಎಂಆರ್‌ಐಯಿಂದ ನೋಡುತ್ತಾರೆ. ಅಗತ್ಯವಿದ್ದರೆ ಆಪರೇಷನ್ ನಡುವೆ ರೋಗಿಯನ್ನು ಎಚ್ಚರಗೊಳಿಸಿ, ಮೆದುಳಿನ ಮೇಲ್ಮೈಗೆ ಸಣ್ಣ ವಿದ್ಯುತ್ ತಾಗಿಸುತ್ತ ಅವರ ಮಾತಿನಲ್ಲೇ ಚಿತ್ರಗಳ ಹೆಸರು ಕೇಳುತ್ತಾರೆ. ‘ಇದು...’ ಎಂದು ಹೆಸರು ನಾಲಿಗೆಯ ತುದಿಯಲ್ಲೇ ನಿಂತ ಕ್ಷಣ, ಆ ಜಾಗದ ಮೇಲೆ ಅಂಕಿಯಿರುವ ಪುಟ್ಟ ಚೀಟಿಯೊಂದನ್ನು ಇಡುತ್ತಾರೆ. ಚಾಕು ಅದನ್ನು ಬಿಟ್ಟು ಸಾಗುತ್ತದೆ.