ಹಳೆಯ ವೇಲ್ ಸುತ್ತಿ ಪಡೆದ ಸುರುಳಿ

ನನ್ನ ಕೂದಲು ಸೊಂಟ ದಾಟುತ್ತದೆ. ಆ ಉದ್ದದ ಭಾರಕ್ಕೆ ನೆತ್ತಿಯ ಬಳಿ ಚಪ್ಪಟೆಯಾಗಿ ಮಲಗಿಬಿಡುತ್ತದೆ. ಸುರುಳಿಗೆಂದು ಬಿಸಿ ಕರ್ಲರ್ ಹಿಡಿದು ತುದಿಗಳೆಲ್ಲ ಕವಲೊಡೆದ ಮೇಲೆ ಅದನ್ನು ಕಪಾಟಿಗೆ ಸೇರಿಸಿದೆ. ಈಗ ನನಗೆ ಬೇಕಾಗಿರುವುದು ಒಂದು ಹಳೆಯ ಹತ್ತಿ ವೇಲ್ ಮತ್ತು ಒಂದು ರಾತ್ರಿ.

ಕಲಿಯಲು ಹೆಚ್ಚು ಹೊತ್ತು ಹಿಡಿದದ್ದು ತೇವದ ಅಳತೆ. ಮೊದಲ ಸಲ ಹಸಿ ಕೂದಲನ್ನೇ ವೇಲಿಗೆ ಸುತ್ತಿ ಮಲಗಿದೆ. ಬೆಳಿಗ್ಗೆ ಬಿಚ್ಚಿದರೆ ಮೇಲಿನ ಪದರ ಒಣಗಿತ್ತು, ಒಳಗೆ ಇನ್ನೂ ಹಸಿ; ಅರ್ಧ ಗಂಟೆಯಲ್ಲಿ ಸುರುಳಿಯೆಲ್ಲ ಇಳಿದುಹೋಯಿತು. ಮರುವಾರ ಪೂರ್ತಿ ಒಣಗಿಸಿ ಸುತ್ತಿದೆ, ಏನೂ ನಿಲ್ಲಲಿಲ್ಲ. ಕೂದಲಿನ ಮುಖ್ಯ ಪ್ರೋಟೀನ್ ಆದ ಕೆರಾಟಿನ್‌ನಲ್ಲಿ, ಅದರ ಆಕಾರವನ್ನು ಹಿಡಿದಿಡುವ ಹೈಡ್ರೋಜನ್ ಬಂಧಗಳು ನೀರು ತಾಗಿದಾಗ ಸಡಿಲವಾಗುತ್ತವೆ. ನೀರು ಆರುವಾಗ ಕೂದಲು ಯಾವ ಆಕಾರದಲ್ಲಿದೆಯೋ ಅದರಲ್ಲೇ ಮತ್ತೆ ಕೂಡಿಕೊಳ್ಳುತ್ತವೆ. ಆದ್ದರಿಂದ ಸುತ್ತುವಾಗ ತೇವ ಇರಬೇಕು, ಬಿಚ್ಚುವಾಗ ಒಂದಿಷ್ಟೂ ಇರಬಾರದು. ಒಂದು ಎಳೆಯನ್ನು ಕೆನ್ನೆಗೆ ಒತ್ತಿ ನೋಡುತ್ತೇನೆ: ತಣ್ಣಗೆ ಅನ್ನಿಸಬೇಕು, ಕೆನ್ನೆ ಒದ್ದೆಯಾಗಬಾರದು.

ಸಂಜೆ 5ರ ಹೊತ್ತಿಗೆ ತಲೆಸ್ನಾನ. ಆ ದಿನ ಎಣ್ಣೆ ಮುಟ್ಟುವುದಿಲ್ಲ. ಕಂಡೀಷನರ್ ತುದಿಗಳಿಗೆ ಮಾತ್ರ. ಟವೆಲ್‌ನಿಂದ ಉಜ್ಜುವ ಬದಲು ಹಳೆಯ ಪಂಚೆಯಲ್ಲಿ ಒತ್ತಿ ನೀರು ತೆಗೆಯುತ್ತೇನೆ. ಆಮೇಲೆ ತಲೆ ಬಗ್ಗಿಸಿ, ಕೂದಲನ್ನೆಲ್ಲ ಮುಂದಕ್ಕೆ ಹಾಕಿ, ಫ್ಯಾನಿನ ಕೆಳಗೆ ಬುಡ ಒಣಗಿಸುತ್ತೇನೆ. ಬುಡ ನಿಗುರಿ ಒಣಗಿದರೆ ಮಾತ್ರ ನೆತ್ತಿ ತುಂಬಿ ಕಾಣುತ್ತದೆ. ಬೈತಲೆಯನ್ನು ರೂಢಿಯ ಕಡೆ ಬಿಟ್ಟು ಇನ್ನೊಂದು ಕಡೆ ತೆಗೆದರೆ ಅದೂ ನೆರವಾಗುತ್ತದೆ.

ಹಿಡಿತಕ್ಕೆ ಅಗಸೆ ಬೀಜದ ಲೋಳೆ. ಎರಡು ದೊಡ್ಡ ಚಮಚ ಬೀಜವನ್ನು ಒಂದು ದೊಡ್ಡ ಲೋಟ ನೀರಿನಲ್ಲಿ ಕುದಿಸಿ, ಮೊಟ್ಟೆಯ ಬಿಳಿಯಂತೆ ಎಳೆಯೆಳೆಯಾಗಿ ಬೀಳತೊಡಗಿದ ಕೂಡಲೇ ತೆಳು ಬಟ್ಟೆಯಲ್ಲಿ ಸೋಸಬೇಕು. ತಣ್ಣಗಾದರೆ ಬಟ್ಟೆಯಿಂದ ಇಳಿಯುವುದೇ ಇಲ್ಲ. ನೆಲ್ಲಿಕಾಯಿ ಗಾತ್ರದಷ್ಟು ಸಾಕು, ಕಿವಿಯಿಂದ ಕೆಳಕ್ಕೆ ಮಾತ್ರ.

ವೇಲನ್ನು ಹಗ್ಗದಂತೆ ಹೊಸೆದು ನಡುನೆತ್ತಿಯ ಮೇಲೆ ಅಡ್ಡವಾಗಿ ಇಟ್ಟು, ಎರಡೂ ತುದಿಗಳನ್ನು ಕಿವಿಗಳ ಪಕ್ಕ ಇಳಿಬಿಡುತ್ತೇನೆ. ಜಾರದಂತೆ ಮೇಲೊಂದು ಕ್ಲಿಪ್. ಹಣೆಯ ಕಡೆಯಿಂದ ಒಂದೊಂದೇ ಎಳೆ ಸೇರಿಸಿಕೊಳ್ಳುತ್ತ, ಮುಖದಿಂದ ಹಿಂದಕ್ಕೆ ಹೋಗುವಂತೆ ಸುತ್ತುತ್ತೇನೆ. ಬಿಗಿ ಸುತ್ತಿದರೆ ಬುಡ ನೋಯುತ್ತದೆ, ನಿದ್ದೆಯೂ ಬರುವುದಿಲ್ಲ. ತುದಿಗೆ ಬಟ್ಟೆಯ ರಬ್ಬರ್ ಬ್ಯಾಂಡ್.

ಬೆಳಿಗ್ಗೆ ಬಿಚ್ಚಿದಾಗ ಸುರುಳಿ ಬಿಗಿಯಾಗಿ, ಗೊಂಬೆಯ ಕೂದಲಿನಂತೆ ಇರುತ್ತದೆ. ಗಾಬರಿಯಿಂದ ಬಾಚಣಿಗೆ ಹಿಡಿಯಬೇಡಿ. ಹತ್ತು ನಿಮಿಷ ಬಿಟ್ಟು ಬೆರಳಲ್ಲಿ ಬಿಡಿಸಿದರೆ ಸಾಕು, ಉದ್ದ ಕೂದಲಿನ ಭಾರವೇ ಅದನ್ನು ಮೃದುವಾದ ಅಲೆಯಾಗಿ ಇಳಿಸುತ್ತದೆ. ಮಂಗಳೂರಿನ ಮಳೆಗಾಲದಲ್ಲಿ ಮಾತ್ರ ನಾನು ಇದಕ್ಕೆ ಕೈ ಹಾಕುವುದಿಲ್ಲ. ಗಾಳಿಯ ತೇವವೇ ಆ ಬಂಧಗಳನ್ನು ಮತ್ತೆ ಸಡಿಲಿಸುತ್ತದೆ. ಆಗ ಜಡೆಯೇ ಚೆಂದ.

ತಂಗಿಯ ನಿಶ್ಚಿತಾರ್ಥ ಜನವರಿಯಲ್ಲಿತ್ತು. ಬೆಳಿಗ್ಗೆ 6ಕ್ಕೆ ಬಿಚ್ಚಿದ ಸುರುಳಿ ಮಧ್ಯಾಹ್ನದ ಊಟದವರೆಗೂ ಹಾಗೇ ಇತ್ತು. ಅಮ್ಮ ಮಲ್ಲಿಗೆಯ ಚೆಂಡು ಹಿಡಿದು ನೆತ್ತಿಯ ಹಿಂದೆಯೇ ಮುಡಿಸಲು ಬಂದರು. "ಅಲ್ಲಿ ಬೇಡಮ್ಮ, ಭಾರಕ್ಕೆ ಕುಸಿಯುತ್ತದೆ" ಎಂದೆ. ಅವರು ಒಂದು ಕ್ಷಣ ನೋಡಿ, ಮೊಳದಷ್ಟು ಹೂವನ್ನು ಕತ್ತರಿಸಿಕೊಂಡು ಕಿವಿಯ ಹಿಂದೆ, ಮೊದಲ ಸುರುಳಿ ಶುರುವಾಗುವ ಕಡೆ, ಪಿನ್ ಹಾಕಿದರು.