ನಾನಿಲ್ಲದಾಗ ಯಾರು ನಿರ್ಧರಿಸಬೇಕು?

ರಾಯಚೂರು ಜಿಲ್ಲೆ ದೇವದುರ್ಗ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಾನು ವೈದ್ಯಾಧಿಕಾರಿ. ಸ್ಟಾಫ್ ನರ್ಸ್‌ಗಳು, ಲ್ಯಾಬ್ ಟೆಕ್ನಿಷಿಯನ್, ಫಾರ್ಮಸಿಸ್ಟ್, ಉಪಕೇಂದ್ರದ ಸಿಸ್ಟರ್‌ಗಳು, ಗ್ರೂಪ್ ಡಿ ಸಿಬ್ಬಂದಿ, ಜೊತೆಗೆ ಊರೂರಿನ ಆಶಾಗಳು. ಇಷ್ಟು ಜನರಲ್ಲಿ ಒಬ್ಬರನ್ನೂ ನಾನು ಆರಿಸಿಕೊಂಡಿಲ್ಲ. ಯಾರ ಸಂಬಳವನ್ನೂ ಹೆಚ್ಚಿಸಲಾರೆ. ವರ್ಗಾವಣೆಯೂ ನನ್ನ ಕೈಲಿಲ್ಲ. ನಾಯಕತ್ವದ ತರಬೇತಿಗಳಲ್ಲಿ ಹೇಳುವ ಬಹುಮಾನ, ಪ್ರೋತ್ಸಾಹಧನ ಎಲ್ಲ ಕೇಳೋಕೆ ಚೆಂದ, ಅಷ್ಟೇ. ನನ್ನ ಕೈಲಿದ್ದದ್ದು ಯಾರ ಮಾತಿಗೆ ಕೆಲಸ ಬದಲಾಗಬೇಕು, ನಾನಿಲ್ಲದಾಗ ಯಾರು ನಿರ್ಧಾರ ತಗೋಬಹುದು ಅನ್ನೋದು ಮಾತ್ರ.

ಮೊದಲು ತಿಂಗಳ ಮೀಟಿಂಗ್‌ ಬದಲಿಸಿದೆ. ಮುಂಚೆ ಡಾಕ್ಟರ್ ಮಾತಾಡೋದು, ಗುರಿ ಓದೋದು, ಆಶಾಗಳು ಹಿಂದಿನ ಸಾಲಲ್ಲಿ ಕೂತು ತಲೆ ಆಡಿಸೋದು. ಈಗ ಅವರೇ ಮೊದಲು ಮಾತಾಡುತ್ತಾರೆ, ನನ್ನದು ಕೊನೆಗೆ. ಆರಂಭದಲ್ಲಿ ಯಾರೂ ಬಾಯಿ ಬಿಡಲಿಲ್ಲ. ಒಂದು ಸಲ ಗುರುವಾರದ ಲಸಿಕೆಗೆ ಯಾಕೆ ಮಕ್ಕಳು ಬರುತ್ತಿಲ್ಲ ಅಂತ ಕೇಳಿದಾಗ ಒಬ್ಬ ಆಶಾ ಅಂದರು: “ಮೇಡಂ, ಹೆಣ್ಣುಮಕ್ಳು ಹತ್ತಿ ಬಿಡಿಸಾಕ ಹೋಗಿರ್ತಾರ್ರಿ. ಹನ್ನೊಂದಕ್ಕ ಬಾ ಅಂದ್ರ ಯಾರ್ ಬರ್ತಾರ?” ಹತ್ತಿ ಕಾಲಕ್ಕೆ ಆ ಊರಿನ ಲಸಿಕೆಯನ್ನು ಬೆಳಿಗ್ಗೆ ಬೇಗ ಶುರು ಮಾಡಿದೆವು. ಹೇಳಿದಷ್ಟು ಸುಲಭ ಇರಲಿಲ್ಲ. ಲಸಿಕೆ ಎರಡರಿಂದ ಎಂಟು ಡಿಗ್ರಿ ತಂಪಲ್ಲೇ ಇರಬೇಕು. ಐಸ್ ಪ್ಯಾಕ್ ಹೊರತೆಗೆದು, ಕ್ಯಾರಿಯರ್ ತುಂಬಿ ಕಳಿಸೋರು ಅಷ್ಟು ಹೊತ್ತಿಗೆ ಏಳಬೇಕಲ್ವಾ? ಅದಕ್ಕೆ ಫಾರ್ಮಸಿಸ್ಟ್‌ ಜೊತೆ ಕೂತು ಬೇರೆಯೇ ಮಾತುಕತೆ ಆಯಿತು. ಆದರೆ ಆ ಆಶಾ ಅಕ್ಕ ಹೇಳಿದ ಮಾತಿಗೆ ಕೆಲಸ ಬದಲಾಯಿತು ಅನ್ನೋದನ್ನ ಉಳಿದವರು ನೋಡಿದರು. ಮುಂದಿನ ಮೀಟಿಂಗ್‌ನಿಂದ ಸುಮ್ನಿರಿಸೋದೇ ಕಷ್ಟವಾಯಿತು.

ನಿಜವಾದ ತಲೆನೋವು ರಾತ್ರಿ ಹೆರಿಗೆಯದು. ಬಿಪಿ ಏರಿದ ಗರ್ಭಿಣಿಗೆ ಫಿಟ್ಸ್ ಬಂತು ಅಂದುಕೊಳ್ಳಿ. ಫಿಟ್ಸ್ ತಡೆಯೋ ಇಂಜೆಕ್ಷನ್ ಮ್ಯಾಗ್ನೀಷಿಯಂ ಸಲ್ಫೇಟ್‌ನ ಮೊದಲ ಡೋಸ್, ಒಂದೊಂದು ಪಿರ್ರೆಗೆ 5 ಗ್ರಾಂನಂತೆ ಒಟ್ಟು 10 ಗ್ರಾಂ, ಕೊಟ್ಟು ಮೇಲಿನ ಆಸ್ಪತ್ರೆಗೆ ಕಳಿಸಬೇಕು ಅಂತ ಸರ್ಕಾರದ ಮಾರ್ಗಸೂಚಿಯಲ್ಲೇ ಇದೆ. ನರ್ಸ್‌ಗೆ ಇದು ಗೊತ್ತು, ತರಬೇತಿಯೂ ಆಗಿದೆ. ಆದರೂ ಡಾಕ್ಟರನ್ನು ಕೇಳಿಯೇ ಕೊಡೋಣ ಅಂತ ಫೋನ್ ಹಿಡಿದು ನಿಲ್ಲುತ್ತಿದ್ದರು. ನಮ್ಮಲ್ಲಿ ನೆಟ್‌ವರ್ಕ್ ತನಗೆ ಮನಸ್ಸು ಬಂದಾಗ ಬರುತ್ತೆ. ಇಲ್ಲಿಂದ ರಾಯಚೂರಿನ ದೊಡ್ಡ ಸರ್ಕಾರಿ ಆಸ್ಪತ್ರೆ ರಿಮ್ಸ್‌ ಏನೂ ಪಕ್ಕದಲ್ಲಿಲ್ಲ. ನರ್ಸ್‌ಗೆ ಕಡಿಮೆ ಇದ್ದದ್ದು ತಿಳಿವಳಿಕೆಯಲ್ಲ. ನಾಳೆ ಏನಾದರೂ ಆದರೆ ತನ್ನ ತಲೆಗೇ ಬರುತ್ತೆ ಅನ್ನೋ ಭಯ. ಗುತ್ತಿಗೆ ಕೆಲಸದವರಿಗಂತೂ ಇದು ಇನ್ನೂ ಜಾಸ್ತಿ.

ಅದಕ್ಕೆ ನಾವೆಲ್ಲ ಕೂತು ಒಂದು ಹಾಳೆ ಬರೆದೆವು, ಕನ್ನಡದಲ್ಲೇ. ಫಿಟ್ಸ್ ಬಂದರೆ ಇದು, ಹೆರಿಗೆಯಾದ ಮೇಲೆ ರಕ್ತ ನಿಲ್ಲದಿದ್ದರೆ ಇದು, ಮಗು ಅಳದಿದ್ದರೆ ಇದು. ಮೊದಲು ಚಿಕಿತ್ಸೆ, ಜೊತೆಯಲ್ಲೇ ಇನ್ನೊಬ್ಬರು 108ಕ್ಕೆ ಕರೆ, ಆಮೇಲೆ ನನಗೆ ಫೋನ್. ಕೆಳಗೆ ನನ್ನ ಸಹಿ, ಸೀಲು. ಆ ಸಹಿಗಾಗಿಯೇ ಹಾಳೆ ಬೇಕಿತ್ತು ಅನ್ನಬಹುದು. ಗೋಡೆಗೆ ಅಂಟಿಸಿ ಬಿಟ್ಟರೆ ಬಣ್ಣ ಮಾಸುತ್ತೆ ಅಷ್ಟೇ, ಹಾಗಾಗಿ ಆಗಾಗ ಅಣಕು ಅಭ್ಯಾಸ ಮಾಡುತ್ತೇವೆ. ಗ್ರೂಪ್ ಡಿ ಅಕ್ಕನೂ ಅದರಲ್ಲಿರುತ್ತಾರೆ. ರಾತ್ರಿ ಆಕ್ಸಿಜನ್ ತಂದು ನರ್ಸ್ ಕೈಗೆ ಕೊಡೋರು ಅವರೇ ಅಲ್ವಾ?

ಒಂದು ರಾತ್ರಿ ನರ್ಸ್ ಹಾಳೆಯಂತೆಯೇ ಇಂಜೆಕ್ಷನ್ ಕೊಟ್ಟು ಕಳಿಸಿದರು. ಮೇಲಿನ ಆಸ್ಪತ್ರೆಯೊಂದರಿಂದ “ಇಂಥಾ ಕೇಸ್ ಯಾಕೆ ಕಳಿಸ್ತೀರಿ” ಅಂತ ಬೈಗುಳ ಬಂತು. ಫೋನ್ ನಾನು ತಗೊಂಡು, ನಿರ್ಧಾರ ನನ್ನದು ಅಂದೆ. ನರ್ಸ್ ಪಕ್ಕದಲ್ಲೇ ನಿಂತಿದ್ದರು. ಹಾಳೆಗೆ ಬೆಲೆ ಬಂದದ್ದು ಸಹಿಯಿಂದಲ್ಲ, ಆ ಫೋನಿಂದ ಅಂತ ನನಗನ್ನಿಸುತ್ತೆ. ಸಂಬಂಧಿಕರು ಗಲಾಟೆಗೆ ಬಂದಾಗಲೂ ಇದೇ ನಿಯಮ: ಅವರೆದುರು ನಮ್ಮ ಸಿಬ್ಬಂದಿಯನ್ನು ಬೈಯೋದಿಲ್ಲ. ತಪ್ಪಿದ್ದರೆ ಬಾಗಿಲು ಹಾಕಿಕೊಂಡು ಮಾತಾಡುತ್ತೇವೆ, ಆಗ ನಾನೇನೂ ಮೆತ್ತಗಿರೋದಿಲ್ಲ.

ಡ್ಯೂಟಿ ಪಟ್ಟಿಯನ್ನು ನರ್ಸ್‌ಗಳೇ ಬರೆಯುತ್ತಾರೆ. ಮೊಹರಂ ನಮ್ಮ ಕಡೆ ಎಲ್ಲರ ಹಬ್ಬ, ಎಲ್ಲರಿಗೂ ರಜೆ ಬೇಕು. ಹೋದ ವರ್ಷ ಯಾರು ದುಡಿದರು ಅಂತ ಅವರಿಗೇ ನೆನಪಿರುತ್ತೆ. ಜಗಳವಾದರೆ ಮಾತ್ರ ನನ್ನ ಹತ್ತಿರ ಬನ್ನಿ ಅಂದಿದ್ದೇನೆ.

ಇನ್ನೂ ಹಿಡಿತಕ್ಕೆ ಸಿಗದಿರೋದು ಗುಳೆ. ಹೆಸರು ಬರೆಸಿ, ತಾಯಿ ಕಾರ್ಡ್ ಮಾಡಿಸಿಕೊಂಡ ಗರ್ಭಿಣಿ ಕುಟುಂಬದ ಜೊತೆ ದುಡಿಯೋಕೆ ಬೆಂಗಳೂರಿಗೆ ಹೋಗಿಬಿಡುತ್ತಾಳೆ. ಹೆರಿಗೆಗೆ ಹತ್ತಿರ ಬಂದಾಗ ರಕ್ತ ಕಡಿಮೆಯಾಗಿ ವಾಪಸ್ ಬರುತ್ತಾಳೆ. ಊರು ಬಿಡೋ ಮುಂಚೆ ಕಬ್ಬಿಣದ ಮಾತ್ರೆ ಜಾಸ್ತಿ ಕೊಟ್ಟು, ಕಾರ್ಡ್ ಜೊತೆಗೇ ಇಟ್ಟುಕೋ ಅಂತ ಹೇಳಿ, ಗಂಡನ ಮತ್ತು ಮೇಸ್ತ್ರಿಯ ಫೋನ್ ನಂಬರ್ ಬರೆದುಕೊಳ್ಳೋದು ಆಶಾಗಳದ್ದೇ ಉಪಾಯ. ಈ ಸಲದ ಮೀಟಿಂಗ್‌ನಲ್ಲಿ ಆ ನಂಬರ್‌ಗಳಿಗೆ ಯಾರು, ಯಾವಾಗ ಕರೆ ಮಾಡಬೇಕು ಅನ್ನೋದೇ ಮೊದಲ ವಿಷಯ.