ತರಗತಿಯಲ್ಲೇ ಮುಗಿಯುವ ಕೃತಿಗಳು

ಕಾಲೇಜಿನ ಸಂಗೀತ ವಿಭಾಗದಲ್ಲಿ ಪಾಠ ಮಾಡುತ್ತಾ ಕರ್ನಾಟಕ ಸಂಗೀತದ ಕೃತಿಗಳನ್ನೂ ರಚಿಸುತ್ತೇನೆ ಅಂದರೆ, ಎರಡಕ್ಕೂ ಪುರುಸೊತ್ತು ಎಲ್ಲಿಂದ ಬರುತ್ತೆ ಅಂತ ಕೇಳುವವರೇ ಜಾಸ್ತಿ. ಮೈಸೂರಿನವರಿಗೆ ಇದೇನೂ ಹೊಸದಲ್ಲ. ಮೈಸೂರು ಆಸ್ಥಾನ ವಿದ್ವಾಂಸರಾಗಿ ಚಾಮುಂಡೇಶ್ವರಿಯ ಮೇಲೆ ಕನ್ನಡದಲ್ಲಿ 108 ಕೃತಿ ಕೊಟ್ಟ ಮುತ್ತಯ್ಯ ಭಾಗವತರು ತಿರುವನಂತಪುರದ ಸಂಗೀತ ಶಾಲೆಗೆ ಪ್ರಾಂಶುಪಾಲರಾಗಿದ್ದರು. ಮೈಸೂರಿನ ವಾಗ್ಗೇಯಕಾರ ವಾಸುದೇವಾಚಾರ್ಯರು ಇಳಿವಯಸ್ಸಿನಲ್ಲಿ ಚೆನ್ನೈನ ನೃತ್ಯ-ಸಂಗೀತ ಸಂಸ್ಥೆ ಕಲಾಕ್ಷೇತ್ರದಲ್ಲಿ ಪಾಠ ಹೇಳುತ್ತಲೇ ರಾಮಾಯಣದ ನೃತ್ಯನಾಟಕಗಳಿಗೆ ರಾಗ ಹಾಕಿದರು.

ನಾನು ಬಂದದ್ದು ಮಾಮೂಲಿ ದಾರಿ: ಸಂಗೀತದ ವಿದ್ವತ್ ಪರೀಕ್ಷೆ, ಎಂ.ಎ., ಅಧ್ಯಾಪಕರ ಅರ್ಹತೆಯ ನೆಟ್ ಪರೀಕ್ಷೆ, ಆಕಾಶವಾಣಿ ಆಡಿಷನ್. ರಚನೆ ಹೇಗೆ ಅಂತ ಇವುಗಳಲ್ಲಿ ಯಾವುದೂ ಕಲಿಸಲಿಲ್ಲ. ಕಲಿಸಿದ್ದು ವಿದ್ಯಾರ್ಥಿಗಳ ಗಂಟಲು.

ಮೊದಲು ಪಲ್ಲವಿಯ ಒಂದು ಸಾಲು ಬಾಯಿಗೆ ಬರಬೇಕು. ಅದನ್ನು ಫೋನಿನಲ್ಲಿ ಹಾಡಿಟ್ಟುಕೊಳ್ಳುತ್ತೇನೆ. ಪಲ್ಲವಿಯ ನಂತರದ ಭಾಗವಾದ ಅನುಪಲ್ಲವಿಗೆ ದ್ವಿತೀಯಾಕ್ಷರ ಪ್ರಾಸ (ಸಾಲುಗಳ ಎರಡನೇ ಅಕ್ಷರ ಹೊಂದುವುದು) ಹುಡುಕುವುದೇ ದೊಡ್ಡ ತಲೆನೋವು. ಪ್ರಾಸಕ್ಕಾಗಿ ಸುಮ್ನೆ ತುರುಕಿದ ಪದ ಹಾಡುವಾಗ ಹಲ್ಲಿಗೆ ಸಿಕ್ಕ ಕಲ್ಲು. ಅಂಥದ್ದನ್ನು ಕಿತ್ತು ಹಾಕುತ್ತೇನೆ, ಪ್ರಾಸ ಹೋದರೂ ಸರಿ.

ನನಗೆ ಜಾಸ್ತಿ ಖುಷಿ ಕೊಡುವುದು ಚಿಟ್ಟೆಸ್ವರದ, ಅಂದರೆ ಕೃತಿಯಲ್ಲಿ ಮೊದಲೇ ಹೆಣೆದಿಟ್ಟ ಸ್ವರಭಾಗದ ಲೆಕ್ಕ. ಒಂದು ಆದಿತಾಳದ ಕೃತಿಯಲ್ಲಿ ಪಲ್ಲವಿಯ ಎಡುಪು (ಹಾಡು ಶುರುವಾಗುವ ಜಾಗ) ಸಮದಿಂದ, ಅಂದರೆ ತಾಳದ ಮೊದಲ ಪೆಟ್ಟಿನಿಂದ, ಅರ್ಧ ಅಕ್ಷರ ತಡವಾಗಿತ್ತು. ಅಕ್ಷರಕ್ಕೆ ನಾಲ್ಕು ಮಾತ್ರೆಯಂತೆ ಎಂಟು ಅಕ್ಷರದ ಒಂದು ಆವರ್ತಕ್ಕೆ (ತಾಳದ ಒಂದು ಸುತ್ತಿಗೆ) 32, ಜೊತೆಗೆ ಆ ಅರ್ಧಕ್ಕೆ 2. ಒಟ್ಟು 34 ತುಂಬಬೇಕು. ಹತ್ತು ಮಾತ್ರೆಯ ಗುಂಪನ್ನು ಮೂರು ಸಲ ಹಾಡಿ, ನಡುವೆ ಎರಡೆರಡು ಮಾತ್ರೆಯ ಕಾರ್ವೆ (ಬಿಡುವು) ಬಿಟ್ಟೆ. ಲೆಕ್ಕ ಸರಿ, ಹಾಡಿದರೆ ಸಪ್ಪೆ. ಕ್ಲಾಸಿನಲ್ಲಿ ಒಬ್ಬಳು, 'ಮೇಡಂ, 8, 10, 12 ಅಂತ ಬೆಳೆಸಿದರೆ?' ಅಂದಳು. ಕಾರ್ವೆ ಸೇರಿಸಿದರೂ ಅದೇ 34, ಅಲ್ವಾ! ನದಿಯಂತೆ ಹಿಗ್ಗುತ್ತಾ ಹೋಗುವ ಈ ಸ್ರೋತೋವಹ ಯತಿಯ ಪಾಠ ಮಾಡಿದ್ದು ನಾನೇ, ಬಳಸಿದ್ದು ಅವಳು. ಆ ಕೃತಿ ಈಗ ಹಾಗೇ ಹಾಡಲ್ಪಡುತ್ತದೆ.

ಬಡ್ತಿಯ ಸಂದರ್ಶನವೊಂದರಲ್ಲಿ ಕೃತಿಗಳ ಪಟ್ಟಿ ಕೊಟ್ಟಾಗ, 'ಇವು ಸಂಶೋಧನಾ ಪ್ರಬಂಧಗಳಲ್ಲವಲ್ಲ' ಅಂದರು. ವಾದ ಮಾಡಲಿಲ್ಲ. ಪ್ರಬಂಧಗಳೂ ಇದ್ದವು, ಕೊಟ್ಟೆ.

ಈಗ ಒಂದು ಸೆಮಿಸ್ಟರ್ ಪೂರ್ತಿ ಮಕ್ಕಳು ಹಾಡುವವರೆಗೆ ಸ್ವರಲಿಪಿ ಅಂತಿಮ ಮಾಡುವುದಿಲ್ಲ. ಎಲ್ಲರೂ ಒಂದೇ ಕಡೆ ಎಡವಿದರೆ ಮೊದಲು ಅಲ್ಲಿನ ಸಂಗತಿಯನ್ನು (ಸಾಲನ್ನು ಬೇರೆ ಬೇರೆಯಾಗಿ ಬೆಳೆಸಿ ಹಾಡುವ ಬಗೆಯನ್ನು) ಅನುಮಾನಿಸುತ್ತೇನೆ, ಆಮೇಲೆ ಮಕ್ಕಳ ಅಭ್ಯಾಸವನ್ನು. ಬೇರೆ ಕಾಲೇಜಿನವರು ಲಿಪಿ ಕೇಳಿದರೆ ಹಾಡಿದ ಆಡಿಯೋ ಸೇರಿಸಿಯೇ ಕಳಿಸುತ್ತೇನೆ. ತೋಡಿ ರಾಗದ ಗಾಂಧಾರ ಸ್ವರಕ್ಕೆ ಹಾಳೆಯ ಮೇಲೆ 'ಗ' ಅಂತಷ್ಟೇ ಬರೆಯಬಹುದು. ಅದು ಎಷ್ಟು ತೂಗಬೇಕು ಅನ್ನುವುದನ್ನು ಕೇಳಿಯೇ ಹಿಡಿಯಬೇಕು.